ಧೋನಿ ವಿಡಿಯೊ ಮತ್ತು ನಮ್ಮ ಮನೆ ಗುಂಪು

(ಭಾನುವಾರ ಬೆಳಿಗ್ಗೆ ನಮ್ಮ ಮನೆ ಗುಂಪಿನಲ್ಲಿ ಸೀನಣ್ಣ ಒಂದು ಹಳೆ ವಿಡಿಯೊ ಹಾಕಿದ. 2016ರ ಮಾರ್ಚ್ 31, ಮುಂಬೈನ ವಾಂಖೆಡೆ ಮೈದಾನ. ಟಿ20 ವಿಶ್ವಕಪ್ ಸೆಮಿಫೈನಲ್‌ನಲ್ಲಿ ಭಾರತ ವೆಸ್ಟ್ ಇಂಡೀಸ್ ಕೈಲಿ ಸೋತ ಮೇಲೆ ನಾಯಕ ಧೋನಿಯ ಪತ್ರಿಕಾಗೋಷ್ಠಿ. ಮಾತುಗಳು ಇದ್ದ ಹಾಗೇ ಇವೆ. ದೊಡ್ಡಮ್ಮನ ಗುಡ್ ಮಾರ್ನಿಂಗ್ ಹೂಗಳನ್ನು ಮಾತ್ರ ತೆಗೆದಿದ್ದೇನೆ.)

ಸೀನಣ್ಣ: ನಿವೃತ್ತಿ ಯಾವಾಗ ಅಂತ ಕೇಳಿದವನನ್ನೇ ಮೇಲೆ ಕರೆದು ಪಕ್ಕದಲ್ಲಿ ಕೂರಿಸಿಕೊಂಡ ನೋಡಿ! ಹೆಗಲ ಮೇಲೆ ಕೈ ಬೇರೆ. ಬಾಯಿ ಮುಚ್ಚಿಸುವುದು ಅಂದ್ರೆ ಇದು 😂

ಪುಟ್ಟಿ: ಹತ್ತು ಸಲ ನೋಡಿದ್ದೇನೆ. ಇನ್ನೂ ನಗು ಬರುತ್ತದೆ.

ಚಿಕ್ಕಪ್ಪ: ನನಗೆ ಬರುವುದಿಲ್ಲ.

ಸೀನಣ್ಣ: ಶುರುವಾಯ್ತು.

ಚಿಕ್ಕಪ್ಪ: ಆ ಆಸ್ಟ್ರೇಲಿಯಾದ ಹುಡುಗ ಕೇಳಿದ್ದರಲ್ಲಿ ತಪ್ಪೇನಪ್ಪಾ? ಇದೇ ಧೋನಿ 2014ರ ಡಿಸೆಂಬರಿನಲ್ಲಿ ಮೆಲ್ಬರ್ನ್ ಟೆಸ್ಟ್ ಮುಗಿಸಿ ಪತ್ರಕರ್ತರ ಮುಂದೆ ಬಂದು ಕೂತಿದ್ದ. ನಿವೃತ್ತಿ ಬಗ್ಗೆ ತುಟಿ ಬಿಚ್ಚದೆ ಎದ್ದು ಹೋದ. ಆಮೇಲೆ ಬಿಸಿಸಿಐ ಪ್ರಕಟಣೆ ಬಂತು, ಟೆಸ್ಟ್‌ಗೆ ವಿದಾಯ ಅಂತ. ಅಂಥ ಆಸಾಮಿಯನ್ನು ಕೇಳದೆ ಇನ್ಯಾರನ್ನು ಕೇಳಬೇಕು?

(ಚಿಕ್ಕಪ್ಪ ಇಪ್ಪತ್ತಾರು ವರ್ಷ ಪತ್ರಿಕೆಯೊಂದರ ಕ್ರೀಡಾ ಪುಟ ನೋಡಿಕೊಂಡವರು. ಈ ವಿಷಯ ಬಂದರೆ ಬಿಡುವವರಲ್ಲ.)

ಸೀನಣ್ಣ: ಬೆವರೂ ಆರಿರಲಿಲ್ಲ ಚಿಕ್ಕಪ್ಪ. 192 ಹೊಡೆದೂ ಸೋತಿದ್ದಾರೆ. ವೆಸ್ಟ್ ಇಂಡೀಸ್‌ನ ಸಿಮನ್ಸ್ ಎರಡು ಸಲ ಕ್ಯಾಚ್ ಕೊಟ್ಟ, ಎರಡೂ ನೋಬಾಲ್. ಆ ಹೊತ್ತಲ್ಲಿ ಮನೆಗೆ ಯಾವಾಗ ಹೋಗುತ್ತೀಯ ಅಂತ ಕೇಳಿದರೆ ಯಾರಿಗೆ ಉರಿಯುವುದಿಲ್ಲ?

ಚಿಕ್ಕಪ್ಪ: ಅಶ್ವಿನ್‌ದೊಂದು, ಪಾಂಡ್ಯನದೊಂದು. ನೆನಪಿದೆ. ಆದರೆ ಪೇಪರ್ ಅದೇ ರಾತ್ರಿ ಅಚ್ಚಿಗೆ ಹೋಗಬೇಕಲ್ಲ. ಅವನಿಗೆ ಸಮಾಧಾನ ಆಗುವ ತನಕ ಪುಟ ಖಾಲಿ ಬಿಡಬೇಕಾ?

ಪುಟ್ಟಿ: ಅದು ನಿಮ್ಮ ಕಷ್ಟ. ಆಡುವವರದ್ದೂ ಕೇಳಿ. ಹದಿನಾರನೇ ವಯಸ್ಸಲ್ಲಿ ನಾನು ಸೆಮಿಫೈನಲ್ ಸೋತು ಕೋರ್ಟಿಂದ ಬಂದಾಗ ಯಾರೋ ಮೈಕ್ ಹಿಡಿದು "ಹೇಗನ್ನಿಸುತ್ತಿದೆ?" ಅಂದರು. ಶೂ ಲೇಸ್ ಬಿಚ್ಚಲೂ ಕೈ ನಡುಗುತ್ತಿತ್ತು. ಟೆನಿಸ್ ಆಟಗಾರ್ತಿ ನವೋಮಿ ಒಸಾಕಾ ಮಾಡಿದ್ದೇ ಸರಿ. 2021ರ ಫ್ರೆಂಚ್ ಓಪನ್‌ನಲ್ಲಿ ಪತ್ರಿಕಾಗೋಷ್ಠಿಗೆ ಬರುವುದೇ ಇಲ್ಲ ಅಂದಳು. 15,000 ಡಾಲರ್ ದಂಡ ಹಾಕಿದರು. ಟೂರ್ನಿಯನ್ನೇ ಬಿಟ್ಟು ಹೊರಟಳು.

ಸೀನಣ್ಣ: ಸೋತ ಮೇಲೆ ಮುಖ ತೋರಿಸೋಕೆ ಆಗಲಿಲ್ಲ ಅನ್ನು.

ಪುಟ್ಟಿ: ಅಣ್ಣಾ, ಅವಳು ಸೋತೇ ಇರಲಿಲ್ಲ! ಮೊದಲ ಸುತ್ತು ಗೆದ್ದಿದ್ದಳು. 2018ರಿಂದ ಖಿನ್ನತೆ ಕಾಡುತ್ತಿದೆ ಅಂತ ಅವಳೇ ಬರೆದಳು. ಸುಮ್ನೆ ಏನೋ ಹೇಳಬೇಡ.

ಚಿಕ್ಕಪ್ಪ: ಒಸಾಕಾ ವಿಷಯ ಒಪ್ಪಿದೆ. ಹುಷಾರಿಲ್ಲದವರನ್ನು ಎಳೆದು ತಂದು ಕೂರಿಸಬಾರದು.

ದೊಡ್ಡಮ್ಮ: ಯಾರಿಗೆ ಹುಷಾರಿಲ್ಲ??

ನಾನು: ಯಾರಿಗೂ ಏನೂ ಆಗಿಲ್ಲ ದೊಡ್ಡಮ್ಮ. ಟೆನಿಸ್ ವಿಷಯ.

ಚಿಕ್ಕಪ್ಪ: ಧೋನಿಗೆ ಏನಾಗಿತ್ತು? ನಗುನಗುತ್ತಲೇ ಇದ್ದ. ನಾನು ನಿವೃತ್ತಿ ಆಗಬೇಕಾ, ನಾನು ಓಡುವುದು ನೋಡಿದರೆ ಅನ್‌ಫಿಟ್ ಅನ್ನಿಸುತ್ತಾ, 2019ರ ವಿಶ್ವಕಪ್‌ವರೆಗೆ ಇರುತ್ತೀನಾ ಅಂತ ಅವನನ್ನೇ ಕೇಳಿದ. ಇಷ್ಟು ಕ್ಯಾಮೆರಾ ಎದುರು, ಹೆಗಲ ಮೇಲೆ ಧೋನಿ ಕೈ ಇಟ್ಟುಕೊಂಡು ಹುಡುಗ ಇನ್ನೇನು ಹೇಳಿಯಾನು? ಇರುತ್ತೀರಿ ಅಂದ. ನಿನ್ನ ಪ್ರಶ್ನೆಗೆ ನೀನೇ ಉತ್ತರ ಕೊಟ್ಟೆ ಅಂತ ಕಳಿಸಿಬಿಟ್ಟ. ಇಡೀ ವಿಡಿಯೊದಲ್ಲಿ ಧೋನಿ ಕೊಟ್ಟ ಉತ್ತರ ಒಂದು ತೋರಿಸು ಸೀನ.

ಸೀನಣ್ಣ: 2019ರಲ್ಲಿ ಆಡಿದ್ದೇ ಉತ್ತರ!

ಚಿಕ್ಕಪ್ಪ: ಆಡಿದ. ಸೆಮಿಫೈನಲ್‌ನಲ್ಲಿ ಹೇಗೆ ಔಟಾದ?

(ಎರಡು ನಿಮಿಷ ಯಾರೂ ಏನೂ ಬರೆಯಲಿಲ್ಲ. ಮ್ಯಾಂಚೆಸ್ಟರ್. ನ್ಯೂಜಿಲೆಂಡ್‌ನ ಗಪ್ಟಿಲ್ ಎಸೆತ. ರನ್ ಔಟ್. ಧೋನಿ ಭಾರತಕ್ಕೆ ಆಡಿದ್ದು ಅದೇ ಕೊನೆ.)

ಪುಟ್ಟಿ: ಚಿಕ್ಕಪ್ಪ, ಇದು ಜಾಸ್ತಿ ಆಯಿತು 😢

ಸೀನಣ್ಣ: ನಾನು ಗುಂಪಿಂದ ಎಕ್ಸಿಟ್ ಆಗುತ್ತೇನೆ.

ನಾನು: ಆಗಬೇಡ, ಗೃಹಪ್ರವೇಶದ ಅಡುಗೆಯವರ ಲೆಕ್ಕ ಬಾಕಿ ಇದೆ. ನನ್ನದೊಂದು ಮಾತು. 2023ರ ನವೆಂಬರ್ 19, ಅಹಮದಾಬಾದ್. ಸಾಲಾಗಿ ಹತ್ತು ಪಂದ್ಯ ಗೆದ್ದು ವಿಶ್ವಕಪ್ ಫೈನಲ್ ಸೋತ ರಾತ್ರಿ ದ್ರಾವಿಡ್ ಬಂದು ಕೂತರು. ಡ್ರೆಸ್ಸಿಂಗ್ ರೂಮಿನಲ್ಲಿ ಹುಡುಗರನ್ನು ಹಾಗೆ ನೋಡುವುದು ಕೋಚ್ ಆಗಿ ಕಷ್ಟ ಅಂದರು. ಯಾರ ಕಾಲನ್ನೂ ಎಳೆಯಲಿಲ್ಲ.

ಸೀನಣ್ಣ: ಅದನ್ನು ಯಾರು ಫಾರ್ವರ್ಡ್ ಮಾಡುತ್ತಾರೆ?

ಚಿಕ್ಕಪ್ಪ: ನೀನಂತೂ ಮಾಡುವುದಿಲ್ಲ.

ಪುಟ್ಟಿ: ಸರಿ, ಹೇಗನ್ನಿಸುತ್ತಿದೆ ಅಂತ ಕೇಳಬಾರದು. ಮತ್ತೆ ಏನು ಕೇಳಬೇಕು?

ಚಿಕ್ಕಪ್ಪ: ಹಾಗೆ ಕೇಳುವವನು ಆಟ ನೋಡದ ಸೋಮಾರಿ. ವಾಂಖೆಡೆಯಲ್ಲಿ ನಾನಿದ್ದಿದ್ದರೆ ಅಶ್ವಿನ್‌ಗೆ ಎರಡೇ ಓವರ್ ಯಾಕೆ, ಕೊನೇ ಓವರ್ ಕೊಹ್ಲಿಗೆ ಕೊಟ್ಟಿದ್ದು ಯಾಕೆ ಅಂತ ಕೇಳುತ್ತಿದ್ದೆ. ಅದಕ್ಕೆ ಯಾರೂ ಅಳುವುದಿಲ್ಲ. ಯೋಚನೆ ಮಾಡಿ ಹೇಳುತ್ತಾರೆ.

ಸೀನಣ್ಣ: ಇದು ಒಳ್ಳೆ ಪ್ರಶ್ನೆ. ನನಗೂ ಇವತ್ತಿನವರೆಗೆ ಅರ್ಥವಾಗಿಲ್ಲ.

ಪುಟ್ಟಿ: ಚಿಕ್ಕಪ್ಪ, ನಿಜ ಹೇಳಿ. ನೀವು ಯಾರನ್ನೂ ಅಳಿಸಿಲ್ಲವಾ?

(ಚಿಕ್ಕಪ್ಪ ಟೈಪ್ ಮಾಡುತ್ತಿದ್ದಾರೆ ಅಂತ ಬಂತು, ಹೋಯಿತು, ಮತ್ತೆ ಬಂತು.)

ಚಿಕ್ಕಪ್ಪ: ಒಬ್ಬ ಕಬಡ್ಡಿ ಹುಡುಗನನ್ನು. ಅವನ ಕೊನೇ ರೈಡಿನಿಂದಲೇ ಸೋತೆವು ಅಂತ ಫೋಟೊ ಸಮೇತ ಬರೆದಿದ್ದೆ. ಮರುದಿನ ಅವರಪ್ಪ ಆಫೀಸಿಗೆ ಬಂದರು.

ಪುಟ್ಟಿ: ಬೈದರಾ?

ಚಿಕ್ಕಪ್ಪ: ಇಲ್ಲ. ಆ ಪೇಪರ್ ಇನ್ನೊಂದು ಪ್ರತಿ ಸಿಗುತ್ತಾ ಅಂತ ಕೇಳಿದರು. ಮಗನ ಫೋಟೊ ಬಂದಿತ್ತಲ್ಲ.