ಶಾಲೆಗೆ ಕಾದಿಟ್ಟ ಜಾಗ ವಸತಿ ವಲಯ ಆಗ್ತಿದೆ: ಪುಣೆಯಲ್ಲಿ ತಕರಾರು ಅರ್ಜಿ ಹೇಗೆ ಬರೀಬೇಕು?

ಮುಠಾದಂಡೆ:
ನಮಸ್ಕಾರ. ಪುಣೆಯ ಪೂರ್ವ ಅಂಚಿನ ಬಡಾವಣೆ ನಮ್ದು. ಡಿ.ಪಿ. (ನಗರದ ಅಭಿವೃದ್ಧಿ ಯೋಜನೆ) ನಕಾಶೆಯಲ್ಲಿ ಪ್ರಾಥಮಿಕ ಶಾಲೆಯ ಆರಕ್ಷಣೆ (ಮೀಸಲು) ಇರುವ ಜಾಗವನ್ನು ವಸತಿ ವಲಯ ಮಾಡುವ ನೋಟಿಸು ಮರಾಠಿ ಪತ್ರಿಕೆಯಲ್ಲಿ ಬಂದಿದೆ, ಎಂ.ಆರ್.ಟಿ.ಪಿ. ಕಾಯ್ದೆಯ (ಮಹಾರಾಷ್ಟ್ರದ ನಗರ ಯೋಜನೆ ಕಾಯ್ದೆ) ಕಲಂ 37 ಅಂತಿದೆ. ಹತ್ತಿರದ ಸರ್ಕಾರಿ ಶಾಲೆಯಲ್ಲಿ ಒಂದರಿಂದ ಐದನೇ ತರಗತಿವರೆಗೆ 312 ಮಕ್ಕಳು, ಕೋಣೆ ಆರೇ. ಒಂದು ವರ್ಗ ವರಾಂಡದಲ್ಲಿ ನಡೀತದೆ, ಮಳೆ ಬಂದರೆ ಚಾಪೆ ಗೋಡೆಗೆ ಸರಿಸಬೇಕು. ಸುತ್ತ ಇನ್ನೂ ಮೂರು ಟವರ್ ಏಳ್ತಿವೆ. ಎಲ್ಲರೂ ಸಹಿ ಮಾಡಿ ಒಂದು ಮನವಿ ಕೊಟ್ಟರೆ ಸಾಕೇನ್ರೀ?

ನಕಾಶೆಮನಿ:
ಸಾಲದ್ರೀ. ಮನೆಗೊಂದರಂತೆ ಬೇರೆ ಬೇರೆ ಅರ್ಜಿ ಕೊಡಿ. ಪ್ರತಿ ಅರ್ಜಿಗೂ ಆವಕ (ಸ್ವೀಕೃತಿ) ನಂಬರ್ ಇರುವ ಪೋಚ, ಅಂದರೆ ಅರ್ಜಿ ತಲುಪಿದ ರಸೀದಿ ತಗೊಳ್ಳಿ, ಕೊನೆಯಲ್ಲಿ "ಸುನಾವಣಿಗೆ (ವಿಚಾರಣೆಗೆ) ನಾವು ಖುದ್ದು ಹಾಜರಾಗಬೇಕು" ಅಂತ ಬರೀರಿ. ಅವಧಿ ನೋಟಿಸಿನ ತಾರೀಖಿನಿಂದ ಒಂದೇ ತಿಂಗಳು. ಪತ್ರಿಕೆ ನಿಮ್ಮ ಕೈಗೆ ಬಂದ ದಿನದಿಂದ ಎಣಿಸಬೇಡಿ.

"ದೇವಸ್ಥಾನದ ಹಿಂದಿನ ಮೈದಾನ" ಅಂದರೆ ಯಾರಿಗೂ ಗೊತ್ತಾಗೋದಿಲ್ಲ. ಸರ್ವೇ ನಂಬರ್, ಹಿಸ್ಸಾ, ಆರಕ್ಷಣೆಯ ನಂಬರ್, ಕ್ಷೇತ್ರ ಎಷ್ಟು ಚದರ ಮೀಟರ್, ಎಲ್ಲ ಬೇಕು. ಪಾಲಿಕೆಯಿಂದ ಝೋನ್ ದಾಖಲೆ (ಜಾಗ ಯಾವ ವಲಯದಲ್ಲಿದೆ ಅನ್ನುವ ಪತ್ರ) ಮತ್ತು ಆ ಭಾಗದ ಡಿ.ಪಿ. ನಕಾಶೆ ತರಿಸಿ, ಸಾತ್‌ಬಾರಾ (7/12 ಜಮೀನು ಉತಾರ) ಜತೆ ತಾಳೆ ನೋಡಿ. ಎಡವೋದು ಇಲ್ಲೇ: ಆರಕ್ಷಣೆ ಎಷ್ಟೋ ಸಲ ಸರ್ವೇ ನಂಬರಿನ ಒಂದು ತುಂಡಿನ ಮೇಲೆ ಮಾತ್ರ ಇರ್ತದೆ, ಅರ್ಜಿದಾರರು ಪೂರ್ತಿ ನಂಬರ್ ಬರೆದಿರ್ತಾರೆ.

ಯೋಜನೆಯ ಮೂಲ ಸ್ವರೂಪ ಬದಲಾಗದಂಥ ಫೇರಬದಲಿಗೆ (ಮಾರ್ಪಾಡಿಗೆ) ಮಾತ್ರ ಕಲಂ 37 ಅವಕಾಶ ಕೊಡ್ತದೆ. ಇದನ್ನು ಬರೀರಿ, ಆದರೆ ಇದರ ಮೇಲೇ ನಿಲ್ಲಬೇಡಿ. ಒಂದು ತುಂಡಿನಿಂದ ಇಡೀ ಯೋಜನೆಯ ಸ್ವರೂಪ ಬದಲಾಗೋದಿಲ್ಲ ಅಂತ ಎದುರಿನವರು ವಾದಿಸ್ತಾರೆ. ಅದಕ್ಕೇ "ಆರಕ್ಷಣೆ ತೆಗೆಯೋದಾದರೆ ಇದೇ ನೆರೆಯಲ್ಲಿ ಅಷ್ಟೇ ಕ್ಷೇತ್ರದ ಬದಲಿ ಜಾಗ ಮೊದಲು ತೋರಿಸಿ" ಅಂತ ಪರ್ಯಾಯ ಬೇಡಿಕೆ ಸೇರಿಸಿ.

ಇದು ಮಂಜೂರಾದ ಡಿ.ಪಿ. ಇರುವ ಕಡೆಯ ಮಾತು. ಕರಡು ಹಂತದಲ್ಲಿದ್ದರೆ ದಾರಿ ಬೇರೆ, ಕಲಂ 26. ವಾಘೋಲಿಯಂಥ 23 ಹಳ್ಳಿ 2021ರಲ್ಲಷ್ಟೇ ಪಾಲಿಕೆಗೆ ಸೇರಿದವು, ಆ ಕಡೆಯವರು ಇದನ್ನು ಮೊದಲು ನೋಡ್ಕೊಳ್ಳಿ.

ಹಾಜರಿಪಟ್ಟಿ:
"ಮಕ್ಕಳು ಜಾಸ್ತಿ" ಅಂತ ಬರೀಬೇಡಿ, ಲೆಕ್ಕ ಇಡಿ. ಶಿಕ್ಷಣ ಹಕ್ಕು ಕಾಯ್ದೆ 2009ರ ಅನುಸೂಚಿ ಪ್ರಕಾರ ಒಂದರಿಂದ ಐದನೇ ತರಗತಿಯಲ್ಲಿ 200ಕ್ಕಿಂತ ಹೆಚ್ಚು ಮಕ್ಕಳಿದ್ದರೆ, ಮುಖ್ಯೋಪಾಧ್ಯಾಯರನ್ನು ಬಿಟ್ಟು, ಒಬ್ಬ ಶಿಕ್ಷಕರಿಗೆ 40ರ ಮೇಲೆ ಮಕ್ಕಳು ಇರಬಾರದು. ಶಿಕ್ಷಕರಿಗೊಂದು ಕೋಣೆ ಬೇಕು. 312ಕ್ಕೆ 8 ಶಿಕ್ಷಕರು, 8 ಕೋಣೆ. ಎರಡು ಕೋಣೆ ಈಗಲೇ ಕಡಿಮೆ. ಯುಡೈಸ್ (ಶಾಲೆಗಳ ಸರ್ಕಾರಿ ಅಂಕಿಅಂಶ ವ್ಯವಸ್ಥೆ) ವರದಿ ಕಾರ್ಡಿನ ಪ್ರತಿ ಲಗತ್ತಿಸಿ. ಕೋಣೆ, ದಾಖಲಾತಿ ಎರಡೂ ಅದರಲ್ಲೇ ಇರ್ತವೆ.

ಮುಂದೆ ಬರುವ ಮಕ್ಕಳ ಅಂದಾಜಿಗೆ ಮಹಾರೇರಾ (ಮಹಾರಾಷ್ಟ್ರದ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ತಾಣ ನೋಡಿ. ಪ್ರತಿ ಯೋಜನೆಯ ಫ್ಲ್ಯಾಟುಗಳ ಸಂಖ್ಯೆ, ಮುಗಿಸುವ ತಾರೀಖು ಸಿಗ್ತದೆ. ಈಗಾಗಲೇ ತುಂಬಿರುವ ಒಂದು ಸೊಸೈಟಿಯಲ್ಲಿ 6ರಿಂದ 10 ವರ್ಷದ ಮಕ್ಕಳನ್ನು ಎಣಿಸಿ. 400 ಫ್ಲ್ಯಾಟಿಗೆ 80 ಸಿಕ್ಕರೆ, ಬರಲಿರುವ 1,200 ಫ್ಲ್ಯಾಟಿಗೆ 240. ಅವರೆಲ್ಲ ಸರ್ಕಾರಿ ಶಾಲೆಗೇ ಬರೋದಿಲ್ಲ ಅನ್ನುವ ಪ್ರಶ್ನೆ ಬಂದೇ ಬರ್ತದೆ. ಆ ಟವರುಗಳಲ್ಲಿ ಮನೆಕೆಲಸಕ್ಕೆ, ಕಾವಲಿಗೆ, ಕಟ್ಟಡದ ಕೆಲಸಕ್ಕೆ ಬರುವವರ ಮಕ್ಕಳು ಬರ್ತಾರೆ. ಕಲಬುರಗಿ, ವಿಜಯಪುರದ ಕಡೆಯಿಂದ ಬಂದ ನಮ್ಮ ಜನರ ಮಕ್ಕಳೂ ಅವರಲ್ಲಿದ್ದಾರೆ. ಅವರನ್ನು ಬೇರೆಯಾಗಿ ಎಣಿಸಿ ಸೇರಿಸಿ, ದಯವಿಟ್ಟು ಬಿಡಬೇಡಿ.

ಮುಠಾದಂಡೆ:
ಜಾಗದ ಮಾಲೀಕರು ಖರೇದಿ ಸೂಚನೆ ಕೊಟ್ಟಿದ್ದಾರೆ ಅಂತ ಸುದ್ದಿ ಇದೆ. ಅದೇನು?

ನಕಾಶೆಮನಿ:
ಹಾಗಿದ್ದರೆ ಅದೇ ತುರ್ತು. ಡಿ.ಪಿ. ಜಾರಿಯಾಗಿ 10 ವರ್ಷವಾದರೂ ಜಾಗ ವಶಕ್ಕೆ ಬಾರದಿದ್ದರೆ ಕಲಂ 127ರಲ್ಲಿ ಮಾಲೀಕರು ಜಾಗ ಕೊಂಡುಕೊಳ್ಳಿ ಅಂತ ಪಾಲಿಕೆಗೆ ಸೂಚನೆ ಕೊಡಬಹುದು. ಆಮೇಲೆ 24 ತಿಂಗಳಲ್ಲಿ ಸ್ವಾಧೀನದ ಕ್ರಮ ಶುರುವಾಗದಿದ್ದರೆ ಆರಕ್ಷಣೆ ತಾನಾಗಿ ರದ್ದು. ಬರೀ ಪ್ರಸ್ತಾವ ಕಳಿಸಿದರೆ ಕ್ರಮ ಶುರುವಾದಂತೆ ಅಲ್ಲ ಅಂತ ಗಿರ್ನಾರ್ ಟ್ರೇಡರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2007ರಲ್ಲಿ ಹೇಳಿದೆ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ ಕೋರ್ಟ್ ಫೀ ಸ್ಟಾಂಪ್ ಹಚ್ಚಿ ಮೂರೇ ಕೇಳಿ: ಸೂಚನೆ ತಲುಪಿದ ತಾರೀಖು, ಅದಾದ ಮೇಲೆ ಹೊರಟ ಆದೇಶಗಳ ಪ್ರತಿ, ಮಾಲೀಕರಿಗೆ ಟಿಡಿಆರ್ (ಜಾಗದ ಬದಲಿಗೆ ಬೇರೆಡೆ ಹೆಚ್ಚುವರಿ ಕಟ್ಟುವ ಹಕ್ಕು) ಕೊಡ್ತೀವಿ ಅಂತ ಬರೆದಿದ್ದರೆ ಆ ಪತ್ರ. ಉತ್ತರಕ್ಕೆ 30 ದಿನ ಹಿಡೀತದೆ. ಅದಕ್ಕಾಗಿ ಕಾಯುತ್ತ ತಕರಾರಿನ ತಿಂಗಳು ಕಳೀಬೇಡಿ, ಎರಡೂ ಅರ್ಜಿ ಒಂದೇ ದಿನ ಹಾಕಿ. ತಕರಾರನ್ನು ಮರಾಠಿಯಲ್ಲೇ ಬರೀರಿ.