ಹೆದ್ದಾರಿಯ ವೇಗಮಿತಿ ಏರಿಸುವ ಮನವಿಗೆ ಸಹಿ ಹಾಕಬೇಕೇ? ಓಡಾಡಿದವರು ತಿಳಿಸಿ

ಪ್ರಶ್ನೆ: ಹುಬ್ಬಳ್ಳಿಯ ಬಾಡಿಗೆ ವಾಹನಗಳ ಮಾಲೀಕ

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಎರಡು ಟೆಂಪೊ ಟ್ರಾವೆಲರ್ ಮತ್ತು ಕೆಲವು ಕಾರುಗಳಿವೆ. ನಮ್ಮ ಭಾಗದ ಹೆದ್ದಾರಿಗಳಲ್ಲಿ ಕಾರುಗಳ ವೇಗಮಿತಿಯನ್ನು ಗಂಟೆಗೆ 100ರಿಂದ 120 ಕಿಲೋಮೀಟರಿಗೆ, ಉಳಿದ ವಾಹನಗಳ ಮಿತಿಯನ್ನು ಅದೇ ಪ್ರಮಾಣದಲ್ಲಿ ಏರಿಸಬೇಕೆಂದು ಕೋರಿ ಜಿಲ್ಲಾಧಿಕಾರಿಗಳಿಗೆ ಸಲ್ಲಿಸಲು ನಮ್ಮ ವೃತ್ತಿಯ ಕೆಲವರು ಮನವಿ ಬರೆದಿದ್ದಾರೆ. ರಸ್ತೆ ಅಗಲವಾಗಿದೆ, ವಾಹನಗಳ ಬ್ರೇಕು ಸುಧಾರಿಸಿದೆ, ದಂಡ ಮಾತ್ರ ಹಳೆಯ ಅಂಕಿಯ ಮೇಲೆಯೇ ಬೀಳುತ್ತಿದೆ ಎಂಬುದು ಅವರ ವಾದ. ಬರುವ ವಾರ ಸಹಿ ಸಂಗ್ರಹವಿದೆ. ಧಾರವಾಡದಿಂದ ರಾಣೆಬೆನ್ನೂರಿನವರೆಗಿನ ರಸ್ತೆಯಲ್ಲಿ, ಗದಗ ರಸ್ತೆಯಲ್ಲಿ ನಿತ್ಯ ಓಡಾಡುವವರು ಏನು ಹೇಳುತ್ತೀರಿ?

ಉತ್ತರ: ಧಾರವಾಡದ ನಿವೃತ್ತ ರಸ್ತೆ ಎಂಜಿನಿಯರ್

ಸಹೋದರರೇ, ಈಗಿರುವ ರೂಪದಲ್ಲಿ ಆ ಮನವಿಗೆ ಸಹಿ ಹಾಕಬೇಡಿ ಎಂಬುದು ನನ್ನ ಸಲಹೆ.

ಮೊದಲನೆಯದಾಗಿ, ಅದು ತಪ್ಪು ವಿಳಾಸಕ್ಕೆ ಹೋಗುತ್ತಿದೆ. ಮೋಟಾರು ವಾಹನ ಕಾಯ್ದೆ, 1988ರ 112ನೇ ಕಲಮಿನ ಪ್ರಕಾರ ಗರಿಷ್ಠ ವೇಗವನ್ನು ನಿಗದಿಪಡಿಸುವುದು ಕೇಂದ್ರ ಸರ್ಕಾರ. ರಾಜ್ಯ ಸರ್ಕಾರವಾಗಲಿ, ಅದು ಅಧಿಕಾರ ಕೊಟ್ಟ ಪ್ರಾಧಿಕಾರವಾಗಲಿ ಜನರ ಸುರಕ್ಷತೆಗಾಗಿ ಒಂದು ರಸ್ತೆಯಲ್ಲಿ ವೇಗವನ್ನು ತಗ್ಗಿಸಬಹುದು. ಕೇಂದ್ರದ ಮಿತಿಯನ್ನು ಮೀರಿ ಏರಿಸಲು ಬರುವುದಿಲ್ಲ. 2018ರ ಏಪ್ರಿಲ್‌ನಲ್ಲಿ ಹೊರಟ ಅಧಿಸೂಚನೆಯು ಕಾರುಗಳಿಗೆ ಎಕ್ಸ್‌ಪ್ರೆಸ್‌ವೇಯಲ್ಲಿ 120, ವಿಭಜಕವಿರುವ ನಾಲ್ಕು ಪಥ ಮತ್ತು ಅದಕ್ಕಿಂತ ದೊಡ್ಡ ರಸ್ತೆಯಲ್ಲಿ 100, ಇತರ ರಸ್ತೆಗಳಲ್ಲಿ 70 ಎಂದು ಹೇಳಿತ್ತು. ಸರಕು ವಾಹನಗಳಿಗೆ ನಾಲ್ಕು ಪಥದಲ್ಲಿ 80, ಇತರ ರಸ್ತೆಗಳಲ್ಲಿ 60. ಆ ಅಧಿಸೂಚನೆಯನ್ನು 2021ರಲ್ಲಿ ಮದ್ರಾಸ್ ಹೈಕೋರ್ಟ್ ರದ್ದುಪಡಿಸಿತು. ಅದೇ ವರ್ಷ ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿಯವರು ಎಕ್ಸ್‌ಪ್ರೆಸ್‌ವೇಗಳಲ್ಲಿ 140 ಇರಬೇಕೆಂಬ ತಮ್ಮ ಅಭಿಪ್ರಾಯವನ್ನು ಬಹಿರಂಗವಾಗಿ ಹೇಳಿದರು. ಮೇಲೆ ಹೀಗೆ ಎಳೆದಾಟ ನಡೆದಿರುವ ವಿಷಯವನ್ನು ಜಿಲ್ಲಾಧಿಕಾರಿಗಳ ಮೇಜಿನ ಮೇಲಿಟ್ಟರೆ ಅವರು ಸ್ವೀಕೃತಿಯ ಮುದ್ರೆ ಒತ್ತಬಹುದು, ಅಷ್ಟೆ.

ನಿಮ್ಮ ಟೆಂಪೊ ಟ್ರಾವೆಲರ್‌ಗಳಿಗಂತೂ ಇದರಿಂದ ಲಾಭವೇ ಇಲ್ಲ. ಆ ವರ್ಗದ ಸಾರಿಗೆ ವಾಹನಗಳಿಗೆ 80ಕ್ಕೆ ಹೊಂದಿಸಿದ ವೇಗ ನಿಯಂತ್ರಕ ಇರಬೇಕೆಂಬುದು ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿಯೇ ಇದೆ. ಫಲಕದ ಮೇಲಿನ ಅಂಕಿ ಏರಿದರೂ ಆ ನಿಯಮ ಹಾಗೆಯೇ ಇರುತ್ತದೆ.

ಇನ್ನು ರಸ್ತೆಯ ಮಾತು. ಎಕ್ಸ್‌ಪ್ರೆಸ್‌ವೇಗೆ 120 ಎಂದು ಹೇಳುವಾಗ ಆ ರಸ್ತೆಗೆ ಎಲ್ಲೆಂದರಲ್ಲಿ ಯಾರೂ ನುಗ್ಗಲಾರರು ಎಂಬ ನಂಬಿಕೆ ಅದರ ಹಿಂದೆ ಇರುತ್ತದೆ. ನಮ್ಮ ರಾಷ್ಟ್ರೀಯ ಹೆದ್ದಾರಿ 48 ಎಷ್ಟು ಅಗಲವಾದರೂ ಆ ಜಾತಿಯ ರಸ್ತೆಯಲ್ಲ. ತಡಸ ಕ್ರಾಸ್, ಶಿಗ್ಗಾವಿ, ಬಂಕಾಪುರ, ಮೋಟೆಬೆನ್ನೂರು ಹೀಗೆ ಊರಿಗೆ ಊರು ಅಂಟಿಕೊಂಡೇ ಅದು ಸಾಗುತ್ತದೆ. ಮನೆ ಒಂದು ಬದಿಗೆ, ಹೊಲ ಇನ್ನೊಂದು ಬದಿಗೆ ಇರುವ ಸಾವಿರಾರು ಕುಟುಂಬಗಳು ಅದನ್ನು ದಿನವೂ ದಾಟುತ್ತವೆ. ಸುಗ್ಗಿಯಲ್ಲಿ ಗೋವಿನಜೋಳ, ಹತ್ತಿ ತುಂಬಿದ ಟ್ರ್ಯಾಕ್ಟರುಗಳು, ಬ್ಯಾಡಗಿ ಮಾರುಕಟ್ಟೆಗೆ ಹೊರಟ ಮೆಣಸಿನಕಾಯಿ ಚೀಲಗಳ ಗಾಡಿಗಳು, ಬನದ ಹುಣ್ಣಿಮೆಗೆ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೊರಟ ಚಕ್ಕಡಿಗಳು ಮತ್ತು ಪಾದಯಾತ್ರಿಗಳು, ಇವರೆಲ್ಲರೂ ಅದೇ ಡಾಂಬರಿನ ಮೇಲೆ ಇರುತ್ತಾರೆ, ಇರುವ ಹಕ್ಕೂ ಅವರಿಗಿದೆ. ವಿಭಜಕ ತೆರೆದಿರುವ ಜಾಗ ದೂರವಿದ್ದರೆ ರೈತನು ಎದುರು ದಿಕ್ಕಿನಲ್ಲಿಯೇ ಟ್ರ್ಯಾಕ್ಟರ್ ತರುತ್ತಾನೆ. ಅದು ತಪ್ಪು; ಆದರೆ ಸರ್ವೀಸ್ ರಸ್ತೆಯನ್ನು ಅರ್ಧಕ್ಕೆ ಬಿಟ್ಟು ಅವನನ್ನು ಆ ತಪ್ಪಿಗೆ ದೂಡಿದ್ದು ಕೂಡ ತಪ್ಪೇ.

ಭಾರ ಹೊತ್ತ ಟ್ರ್ಯಾಕ್ಟರ್ ಗಂಟೆಗೆ ಸುಮಾರು 25 ಕಿಲೋಮೀಟರ್ ವೇಗದಲ್ಲಿ ಹೋಗುತ್ತದೆ. ಹಿಂದಿನಿಂದ 100ರ ವೇಗದಲ್ಲಿ ಬರುವ ಕಾರಿಗೆ 200 ಮೀಟರ್ ಮುಂದಿರುವ ಆ ಟ್ರ್ಯಾಕ್ಟರ್ ಒಂಬತ್ತೂವರೆ ಸೆಕೆಂಡಿನಲ್ಲಿ ಎದುರಾಗುತ್ತದೆ. 120ರ ವೇಗದಲ್ಲಿದ್ದರೆ ಏಳೂವರೆ ಸೆಕೆಂಡು. ಅಪಾಯ ಹುಟ್ಟುವುದು ಕೇವಲ ವೇಗದಿಂದಲ್ಲ, ಒಂದೇ ರಸ್ತೆಯ ಮೇಲಿರುವ ವಾಹನಗಳ ವೇಗಗಳ ನಡುವಿನ ಅಂತರದಿಂದ. ಕಾರಿನ ಮಿತಿಯನ್ನು ಏರಿಸಿದಾಗ ಟ್ರ್ಯಾಕ್ಟರಿನ ವೇಗ ಏರುವುದಿಲ್ಲ, ಅಂತರವಷ್ಟೇ ಏರುತ್ತದೆ.

ಬ್ರೇಕು ಸುಧಾರಿಸಿದೆ ಎಂಬ ವಾದವನ್ನೂ ಲೆಕ್ಕಕ್ಕೆ ಹಚ್ಚಿ ನೋಡೋಣ. ಚಾಲಕನು ಕಂಡು, ಅರಿತು, ಬ್ರೇಕಿನ ಮೇಲೆ ಕಾಲಿಡಲು ಒಂದೂವರೆ ಸೆಕೆಂಡು ಹಿಡಿಯುತ್ತದೆ ಎಂದುಕೊಂಡರೆ, ಒಣ ರಸ್ತೆಯಲ್ಲಿ ಒಳ್ಳೆಯ ಟೈರಿನ ಕಾರು 80ರ ವೇಗದಿಂದ ನಿಲ್ಲಲು ಸುಮಾರು 70 ಮೀಟರ್, 100ರಿಂದ ಸುಮಾರು 100 ಮೀಟರ್, 120ರಿಂದ ಸುಮಾರು 130 ಮೀಟರ್ ಬೇಕು. ರಾತ್ರಿ ಡಿಪ್ ಬೆಳಕಿನಲ್ಲಿ ನಮಗೆ ಸ್ಪಷ್ಟವಾಗಿ ಕಾಣುವುದು ಹೆಚ್ಚೆಂದರೆ 50–60 ಮೀಟರ್. ಈಗಿನ ಮಿತಿಯೇ ರಾತ್ರಿಯ ಕಣ್ಣಿಗೆ ಮಿಗಿಲಾಗಿದೆ.

ಇದು ಕಾಗದದ ಲೆಕ್ಕವಲ್ಲ. 2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ ದೇವರ ದರ್ಶನ ಮುಗಿಸಿ ಭದ್ರಾವತಿ ತಾಲ್ಲೂಕಿನ ತಮ್ಮ ಊರಿಗೆ ಮರಳುತ್ತಿದ್ದವರ ಟೆಂಪೊ ಟ್ರಾವೆಲರ್, ನಿಂತಿದ್ದ ಲಾರಿಗೆ ಹಿಂದಿನಿಂದ ಬಡಿದು 13 ಜನ ತೀರಿಕೊಂಡರು. ಅದಕ್ಕೂ ಮೊದಲು, 2021ರ ಜನವರಿ 15ರಂದು ಧಾರವಾಡದ ಇಟಿಗಟ್ಟಿ ಬಳಿ ಬೈಪಾಸಿನಲ್ಲಿ ಗೋವಾಕ್ಕೆ ಹೊರಟಿದ್ದ ದಾವಣಗೆರೆಯ ಗೆಳತಿಯರ ವಾಹನಕ್ಕೂ ಟಿಪ್ಪರ್‌ಗೂ ಮುಖಾಮುಖಿಯಾಗಿ ಹತ್ತಕ್ಕೂ ಹೆಚ್ಚು ಜೀವಗಳು ಹೋದವು. ಎರಡನೆಯದು ವಿಭಜಕವಿಲ್ಲದ ಎರಡು ಪಥದ ರಸ್ತೆಯ ಪಾಪ. ಬೈಪಾಸನ್ನು ಅಗಲಗೊಳಿಸುವ ಕೆಲಸ ಆ ನೋವಿನ ನಂತರವೇ ಚುರುಕಾಯಿತು. ಮೊದಲನೆಯದಕ್ಕೆ ರಸ್ತೆ ಅಗಲವಾಗುವುದು ಮದ್ದಲ್ಲ. ನಿಂತ ಲಾರಿ ಆರು ಪಥದ ರಸ್ತೆಯಲ್ಲೂ ನಿಂತೇ ಇರುತ್ತದೆ.

2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು, ಅವುಗಳಲ್ಲಿ ಶೇ 71ರಷ್ಟು ಸಾವುಗಳಿಗೆ ಕಾರಣ ಅತಿವೇಗ ಎಂದು ಕೇಂದ್ರದ ವರದಿ ಹೇಳುತ್ತದೆ. ನಾನು ಆ ಶೇಕಡಾವಾರು ಅಂಕಿಯ ಮೇಲೆ ಹೆಚ್ಚು ಭಾರ ಹಾಕುವುದಿಲ್ಲ, ಏಕೆಂದರೆ ಅಪಘಾತದ ನಮೂನೆಯಲ್ಲಿ ಅತಿವೇಗವೆಂದು ಬರೆಯುವುದು ಎಲ್ಲಕ್ಕಿಂತ ಸುಲಭ. ತಿರುವಿನ ದೋಷ, ಬೆಳಕಿಲ್ಲದ ಕ್ರಾಸು, ಕಿತ್ತುಹೋದ ಫಲಕ ಇವೆಲ್ಲ ಆ ಒಂದು ಪದದ ಹಿಂದೆ ಮರೆಯಾಗುತ್ತವೆ. ಆದರೆ ಸರಾಸರಿ ವೇಗ ಶೇ 1ರಷ್ಟು ಹೆಚ್ಚಿದರೆ ಸಾವು ಸಂಭವಿಸುವ ಅಪಘಾತದ ಅಪಾಯ ಶೇ 4ರಷ್ಟು ಹೆಚ್ಚುತ್ತದೆ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಾತನ್ನು ನಾನು ಪೂರ್ತಿ ನಂಬುತ್ತೇನೆ.

ಇಷ್ಟೆಲ್ಲ ಅಪಾಯಕ್ಕೆ ಪ್ರತಿಯಾಗಿ ಸಿಗುವುದೇನು? ಹುಬ್ಬಳ್ಳಿಯಿಂದ ಹಾವೇರಿಗೆ ಸುಮಾರು 75 ಕಿಲೋಮೀಟರ್. 100ರಲ್ಲಿ ಎಲ್ಲಿಯೂ ನಿಲ್ಲದೆ ಹೋದರೆ 45 ನಿಮಿಷ, 120ರಲ್ಲಿ 37. ಆ ಏಳೆಂಟು ನಿಮಿಷದಲ್ಲಿ ಬಂಕಾಪುರದ ಟೋಲ್‌ನಲ್ಲಿಯೇ ಅರ್ಧ ಕಳೆದುಹೋಗುತ್ತದೆ.

ಉತ್ತರ: ರಾಣೆಬೆನ್ನೂರಿನ ಲಾರಿ ಮಾಲೀಕ, ಸ್ವತಃ ಚಾಲಕ

ಅಣ್ಣಾವರೇ, ಎಂಜಿನಿಯರ್ ಸಾಹೇಬರು ನಿಂತ ಲಾರಿಯ ವಿಷಯ ಎತ್ತಿದ್ದರಿಂದ ನಮ್ಮ ಕಡೆಯ ಮಾತನ್ನೂ ಹೇಳಬೇಕಾಗಿದೆ. ಲಾರಿಯವರು ಸುಮ್ಮಸುಮ್ಮನೆ ರಸ್ತೆಯಂಚಿಗೆ ನಿಲ್ಲಿಸುವುದಿಲ್ಲ. ನಿದ್ದೆ ಒತ್ತರಿಸಿ ಬಂದಾಗ ಗಾಡಿ ಹಾಕಲು ದೀಪವಿರುವ, ಕಳ್ಳರ ಭಯವಿಲ್ಲದ ಜಾಗ ನಮಗೆ ಬೇಕು. ಡೀಸೆಲ್ ಕಳವಿನ ಹೆದರಿಕೆಯಿಂದ ಅನೇಕರು ಕತ್ತಲಿನ ತಂಗುದಾಣಕ್ಕಿಂತ ಡಾಬಾದ ಮುಂದಿನ ರಸ್ತೆಯಂಚೇ ಲೇಸೆಂದುಕೊಳ್ಳುತ್ತಾರೆ. ಡಾಬಾದ ಅಂಗಳ ತುಂಬಿದ್ದರೆ ಹಿಂದಿನ ಗಾಲಿಗಳು ಡಾಂಬರಿನ ಮೇಲೆಯೇ ಉಳಿಯುತ್ತವೆ. ಇಂಥ ಸ್ಥಿತಿಯಲ್ಲಿ ಹಿಂದಿನಿಂದ ಬರುವ ಕಾರಿಗೆ ಇನ್ನೂ ಇಪ್ಪತ್ತು ಕಿಲೋಮೀಟರ್ ವೇಗವನ್ನು ಕಾನೂನೇ ಕೊಟ್ಟರೆ ನಮಗೂ ಅವರಿಗೂ ಉಳಿಗಾಲವಿಲ್ಲ.

ನಾನು ನಿಲ್ಲಿಸಲೇಬೇಕಾದಾಗ ತ್ರಿಕೋನ ಫಲಕವನ್ನು ಲಾರಿಯ ಬಾಲಕ್ಕೆ ಅಂಟಿಸಿದಂತೆ ಇಡದೆ ದೂರ ನಡೆದುಹೋಗಿ ಇಟ್ಟು ಬರುತ್ತೇನೆ. ಹಿಂದಿನ ರಿಫ್ಲೆಕ್ಟರ್ ಪಟ್ಟಿ ಮಣ್ಣು ಮೆತ್ತಿದ್ದರೆ ಒರೆಸದೆ ಹೊರಡುವುದಿಲ್ಲ. ಮಳೆಗಾಲದಲ್ಲಿ ಆ ಪಟ್ಟಿ ಇದ್ದೂ ಇಲ್ಲದಂತೆಯೇ. ಕಲ್ಲು, ಟೊಂಗೆ ಇಟ್ಟು ಎಚ್ಚರಿಕೆ ಕೊಡುವ ಹಳೆಯ ರೂಢಿಯನ್ನು ಮಾತ್ರ ದಯವಿಟ್ಟು ಎಲ್ಲರೂ ಬಿಡಬೇಕು. ಗಾಡಿ ಹೋದಮೇಲೂ ಆ ಕಲ್ಲು ಅಲ್ಲಿಯೇ ಬಿದ್ದಿರುತ್ತದೆ, ಬೆಳಗಿನ ಜಾವ ಯಾವುದೋ ಬೈಕಿನವನಿಗೆ ಯಮನಾಗುತ್ತದೆ.

ಉತ್ತರ: ಗದಗದ ಶಿಕ್ಷಕಿ

ನಾನು ಅಣ್ಣಿಗೇರಿ ಕಡೆಯ ಶಾಲೆಗೆ ಸ್ಕೂಟರಿನಲ್ಲಿ ಹೋಗಿಬರುವವಳು. ಈ ಚರ್ಚೆಯಲ್ಲಿ ದ್ವಿಚಕ್ರದವರನ್ನು ಯಾರೂ ನೆನೆಯುವುದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಹುಬ್ಬಳ್ಳಿ–ಗದಗ ರಸ್ತೆಯ ಬಹುಭಾಗ ಎರೆ ಭೂಮಿಯ ಮೇಲಿದೆ. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ರಸ್ತೆ ಅಲ್ಲಲ್ಲಿ ಅಲೆಯಾಗುತ್ತದೆ, ಕಿರುಸೇತುವೆಗಳ ಎರಡೂ ತುದಿಗೆ ಕುಸಿಯುತ್ತದೆ. ಕಾರಿನಲ್ಲಿ ಕುಳಿತವರಿಗೆ ಅದು ಒಂದು ಸಣ್ಣ ಜಿಗಿತ. ನಮಗೆ ಹ್ಯಾಂಡಲ್ ಕೈತಪ್ಪುವ ಗಳಿಗೆ. ಮಳೆಯಲ್ಲಿ ಹೊಲದಿಂದ ಏರಿ ಬಂದ ಟ್ರ್ಯಾಕ್ಟರಿನ ಗಾಲಿಗಳು ತಂದ ಎರೆ ಕೆಸರು ರಸ್ತೆಯ ಮೇಲೆ ಸಾಬೂನಿನಂತೆ ಜಾರುತ್ತದೆ. ಆಷಾಢದಲ್ಲಿ ಗಾಳಿಯೊಂದು ಬೇರೆ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿದ್ದು ಸುಮ್ಮನೆ ಅಲ್ಲವಲ್ಲ! ಅಡ್ಡಗಾಳಿಗೆ ಓರೆಯಾಗಿ ಸಾಗುತ್ತಿರುವಾಗ ಪಕ್ಕದಲ್ಲಿ ಬಸ್ಸೊಂದು ವೇಗವಾಗಿ ದಾಟಿದರೆ, ಗಾಳಿಯ ಒತ್ತಡ ಒಮ್ಮೆಲೇ ತಪ್ಪಿ ಸ್ಕೂಟರ್ ಅದರತ್ತಲೇ ಎಳೆದುಕೊಳ್ಳುತ್ತದೆ.

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 2023ರ ಆಗಸ್ಟ್‌ನಿಂದ ದ್ವಿಚಕ್ರ, ಆಟೊ, ಟ್ರ್ಯಾಕ್ಟರ್‌ಗಳಿಗೆ ಮುಖ್ಯ ರಸ್ತೆಯ ಪ್ರವೇಶ ನಿಲ್ಲಿಸಿದರು. ಅಲ್ಲಿ ಪಕ್ಕದಲ್ಲಿ ಸರ್ವೀಸ್ ರಸ್ತೆಯಿತ್ತು. ವೇಗ ಏರಿಸಬೇಕೆನ್ನುವವರು ಮುಂದೆ ನಮ್ಮನ್ನೂ ಹೀಗೆಯೇ ಹೊರಗಿಡಲು ಕೇಳಬಹುದು. ಆಗ ನಾವು ಯಾವ ರಸ್ತೆಯಲ್ಲಿ ಶಾಲೆಗೆ ಹೋಗಬೇಕು ಎಂಬುದನ್ನು ಅದೇ ಮನವಿಯಲ್ಲಿ ಬರೆಯಬೇಕು.

ಉತ್ತರ: ಹುಬ್ಬಳ್ಳಿಯ ಔಷಧ ಕಂಪನಿ ಪ್ರತಿನಿಧಿ

ಹಿರಿಯರ ಮಾತನ್ನು ಗೌರವಿಸುತ್ತಲೇ ಒಂದು ಭಿನ್ನಾಭಿಪ್ರಾಯವನ್ನು ದಾಖಲಿಸುತ್ತೇನೆ. ಎರಡೂ ಬದಿಗೆ ಸರ್ವೀಸ್ ರಸ್ತೆ, ಬೇಲಿ, ಕೆಳಸೇತುವೆ ಇರುವ ಕಡೆ ಹಗಲಿನಲ್ಲಿ ಮಿತಿ ಹೆಚ್ಚಿಸಿದರೆ ಆಕಾಶ ಕಳಚಿ ಬೀಳುವುದಿಲ್ಲ. ನನ್ನ ನಿಜವಾದ ತಕರಾರು ಮಿತಿಯ ಮೇಲಲ್ಲ, ಮಿತಿಯ ಫಲಕಗಳ ಮೇಲೆ. ಕಾಮಗಾರಿಗಾಗಿ ನೆಟ್ಟ 40ರ ಫಲಕ, ಕಾಮಗಾರಿ ಮುಗಿದು ಎಷ್ಟೋ ಕಾಲವಾದರೂ ಹಾಗೆಯೇ ನಿಂತಿರುತ್ತದೆ. ಅದನ್ನು ನಂಬಿ ಬ್ರೇಕ್ ಹಾಕಿದವನಿಗೆ ಹಿಂದಿನವನು ಬಂದು ಗುದ್ದುತ್ತಾನೆ. ನಂಬದವನು ಮುಂದೆ ನಿಜವಾದ 40ರ ಫಲಕವನ್ನೂ ನಂಬುವುದಿಲ್ಲ. ಮಿತಿ ಎಷ್ಟಿದ್ದರೂ ಅದು ಆ ಜಾಗಕ್ಕೆ ಹೊಂದುವಂತಿರಬೇಕು.

ಎಂಜಿನಿಯರ್ ಅವರಿಂದ ಮತ್ತೆ

ಈ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ, ಮತ್ತು ಮನವಿ ಬರೆಯಬೇಕಾದದ್ದು ಈ ನೆಲೆಯಿಂದಲೇ. ಪ್ರತಿ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ರಸ್ತೆ ಸುರಕ್ಷತಾ ಸಮಿತಿ ಇದೆ. ಪೊಲೀಸ್, ಸಾರಿಗೆ, ಹೆದ್ದಾರಿ ಅಧಿಕಾರಿಗಳು ಅಲ್ಲಿ ಒಟ್ಟಿಗೆ ಕೂರುತ್ತಾರೆ. ಬಳಕೆ ಮುಗಿದ ಫಲಕಗಳನ್ನು ತೆಗೆಯುವುದು, ಅನಧಿಕೃತವಾಗಿ ಒಡೆದ ವಿಭಜಕಗಳನ್ನು ಮುಚ್ಚಿ ಬದಲಿ ದಾರಿ ಕೊಡುವುದು, ಸರ್ವೀಸ್ ರಸ್ತೆಯ ತುಂಡುಗಳನ್ನು ಜೋಡಿಸುವುದು, ಲಾರಿ ತಂಗುದಾಣಕ್ಕೆ ದೀಪ ಮತ್ತು ಕಾವಲು ಒದಗಿಸುವುದು, ಸುಗ್ಗಿಗೆ ಮುನ್ನ ಎಪಿಎಂಸಿ ಗೇಟಿನಲ್ಲಿಯೇ ಟ್ರ್ಯಾಕ್ಟರ್ ಟ್ರೇಲರುಗಳಿಗೆ ರಿಫ್ಲೆಕ್ಟರ್ ಪಟ್ಟಿ ಅಂಟಿಸುವುದು ಇವೆಲ್ಲ ಆ ಸಮಿತಿಯ ಕೈಯಳತೆಯ ಕೆಲಸಗಳು. ಜಾಗದ ಹೆಸರು ಮತ್ತು ಕಿಲೋಮೀಟರ್ ಕಲ್ಲಿನ ಸಂಖ್ಯೆಯನ್ನು ಬರೆದು ಕೇಳಿ. ಜಾಗ ಹೇಳದ ಮನವಿ ಕಡತದಲ್ಲಿಯೇ ಉಳಿಯುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ವಂದನೆಗಳು. ಟ್ರಾವೆಲರ್‌ಗಳಿಗೆ ಲಾಭವಿಲ್ಲವೆಂಬ ಸಂಗತಿಯನ್ನು ನಮ್ಮವರ ಗಮನಕ್ಕೆ ತಂದೆ. ಮನವಿಯ ಉತ್ಸಾಹ ಅರ್ಧ ಅಲ್ಲಿಯೇ ಇಳಿಯಿತು. 120ರ ಬೇಡಿಕೆಯನ್ನು ಬಿಟ್ಟು, ಕ್ರಾಸು ಮತ್ತು ಫಲಕಗಳ ಪಟ್ಟಿಯೊಂದಿಗೆ ಹೊಸ ಕರಡು ಬರೆಯಲು ನಾಲ್ಕು ಜನ ಒಪ್ಪಿದ್ದಾರೆ. ಉಳಿದವರು ಇನ್ನೂ ಒಪ್ಪಿಲ್ಲ. ನಾನು ಹಳೆಯ ಕಾಗದಕ್ಕೆ ಸಹಿ ಹಾಕುವುದಿಲ್ಲ. ತಡಸ ಕ್ರಾಸಿನಿಂದ ಹಾವೇರಿಯವರೆಗೆ ದೀಪವಿಲ್ಲದ ಕ್ರಾಸುಗಳು ಯಾರಿಗೆ ತಿಳಿದಿವೆಯೋ ಅವರು ದಯವಿಟ್ಟು ಇಲ್ಲಿ ಬರೆಯಿರಿ.

ಲಾರಿ ಮಾಲೀಕರಿಂದ

ಅಣ್ಣಾವರೇ, ಪಟ್ಟಿಯನ್ನು ನಾಳೆ ಕಳಿಸುತ್ತೇನೆ. ಅಲ್ಲಿಯವರೆಗೆ ನಿಮ್ಮ ಚಾಲಕರಿಗೆ ಹೆದ್ದಾರಿ ಸಹಾಯವಾಣಿ 1033ನ್ನು ಫೋನಿನಲ್ಲಿ ಉಳಿಸಿಕೊಳ್ಳಲು ಹೇಳಿ. ಕೆಟ್ಟು ನಿಂತ ಗಾಡಿ ಕಂಡರೆ ದಾಟಿ ಹೋದಮೇಲೆ, ಮುಂದೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಯಾವ ದಿಕ್ಕಿಗೆ ಹೋಗುವ ಪಥ ಎಂಬುದನ್ನು ಸೇರಿಸಿ ತಿಳಿಸಬೇಕು. ದಿಕ್ಕು ಹೇಳದಿದ್ದರೆ ಗಸ್ತು ವಾಹನ ವಿಭಜಕದ ಆಚೆ ಬದಿಗೆ ಬಂದು, ತಿರುಗಿ ಬರಲು ಮತ್ತೆ ಹೊತ್ತು ಕಳೆಯುತ್ತದೆ.