ಪದಚರ್ಚೆ: ಪ್ರಳಯ, ದರೆ ಕುಸಿತ, ಮುಳುಗಡೆ, ಬೂದಿ. ಭೂಮಿಯ ಹಳೆಯ ಅನಾಹುತಗಳಿಗೆ ಯಾವ ಪದ?

ಎಲ್ಲರಿಗೂ ನಮಸ್ಕಾರ.

ಹಾಸನ ಜಿಲ್ಲೆಯ ಆಲೂರು ತಾಲೂಕಿನ ಒಂದು ಹೈಸ್ಕೂಲಿನಲ್ಲಿ ನಾನು ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಹಿಂದಿನ ಕಾಲದ ದೊಡ್ಡ ನೆರೆ, ಬರ, ಜ್ವಾಲಾಮುಖಿ, ಗುಡ್ಡ ಜಾರುವಿಕೆಗಳು ನೆಲದ ರೂಪವನ್ನೂ ಜನರ ಬದುಕನ್ನೂ ಹೇಗೆ ಬದಲಿಸಿದವು ಅಂತ ಮಕ್ಕಳು ಒಂದು ಗೋಡೆಪತ್ರಿಕೆ ಮಾಡುತ್ತಿದ್ದಾರೆ. ಬರೆಯಲು ಕೂತಾಗ ಪದಗಳ ಪ್ರಶ್ನೆ ಎದ್ದಿತು. ಪಠ್ಯಪುಸ್ತಕದ ಪದಗಳು ಮಕ್ಕಳ ಬಾಯಲ್ಲಿ ನಿಲ್ಲುತ್ತಿಲ್ಲ. ಮನೆಯಲ್ಲಿ ಆಡುವ ಪದಗಳನ್ನು ಬರೆಯಲು ಅವರಿಗೆ ಸಂಕೋಚ. ಹಾಗಾಗಿ ನಿಮ್ಮನ್ನು ಕೇಳುತ್ತಿದ್ದೇನೆ.

ತಲೆಬರಹದಿಂದಲೇ ಶುರು ಮಾಡುತ್ತೇನೆ. ಒಬ್ಬ ಹುಡುಗಿ 'ಪ್ರಳಯಗಳ ಕಥೆ' ಅಂತ ಚಂದವಾಗಿ ಬರೆದು ತಂದಳು. ಕೇಳಲು ಗಟ್ಟಿಯಾಗಿದೆ. ಆದರೆ ಪ್ರಳಯ ಅಂದರೆ ಎಲ್ಲವೂ ಲಯವಾಗುವುದು, ಏನೂ ಉಳಿಯದಿರುವುದು. ನಾವು ಬರೆಯುತ್ತಿರುವುದೆಲ್ಲ ಉಳಿದದ್ದರ ಬಗ್ಗೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನಲ್ಲಿ ನೆಲ ಬಿರಿದು ಲಾವಾ ಪದರ ಪದರವಾಗಿ ಹರಿಯಿತು. ಹೆಚ್ಚೂಕಡಿಮೆ ಅದೇ ಕಾಲಕ್ಕೆ ಮೆಕ್ಸಿಕೋದ ಚಿಕ್ಸುಲುಬ್ ಬಳಿ ಆಕಾಶದಿಂದ ದೊಡ್ಡ ಬಂಡೆ ಬಿತ್ತು, ಡೈನೋಸಾರ್‌ಗಳು ಅಳಿದವು. ಹಾಗಂತ ಲೋಕ ಮುಗಿಯಲಿಲ್ಲ. ಆ ಲಾವಾ ಕಲ್ಲೇ ಸವೆದು ವಿಜಯಪುರ, ಕಲಬುರಗಿ ಕಡೆಯ ಎರೆ ಭೂಮಿಯಾಯಿತು. ಬಿಳಿಜೋಳ ಬೆಳೆಯುವುದು ಅದರ ಮೇಲೆಯೇ. ಇದನ್ನು ಪ್ರಳಯ ಅನ್ನಬಹುದಾ?

ಮಲಯಾಳದಲ್ಲಿ ಈ ತೊಡಕಿಲ್ಲ. 2018ರ ನೆರೆಯನ್ನು ಅಲ್ಲಿನ ಪತ್ರಿಕೆಗಳು ಪ್ರಳಯ ಅಂತಲೇ ಬರೆದವು. ಅಲ್ಲಿ ಅದು ದೊಡ್ಡ ನೆರೆಗೆ ದಿನಬಳಕೆಯ ಪದ. ಕನ್ನಡದಲ್ಲಿ ಅದಕ್ಕೆ ಇನ್ನೂ ಪುರಾಣದ ಭಾರವಿದೆ.

ಈ ಭಾರ ಸಣ್ಣ ವಿಷಯ ಅಲ್ಲ ಅನ್ನುವುದಕ್ಕೆ ಒಂದು ನಿಜವಾದ ಕಥೆಯಿದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಪೂರ್ವ ಭಾಗದಲ್ಲಿ ಮಣ್ಣೆಲ್ಲ ಕಿತ್ತುಹೋಗಿ ಬರೀ ಕರಿಬಂಡೆ ಉಳಿದ ದೊಡ್ಡ ಬಯಲಿದೆ. ಎಲ್ಲೆಲ್ಲೂ ಒಣಗಿದ ಕಾಲುವೆಗಳು, ನೀರಿಲ್ಲದ ಜಲಪಾತಗಳು. ಜೆ. ಹಾರ್ಲೆನ್ ಬ್ರೆಟ್ಜ್ ಎಂಬ ಭೂವಿಜ್ಞಾನಿ ಅಲ್ಲಿ ಓಡಾಡಿ, ಇದನ್ನು ಕೆತ್ತಿದ್ದು ಒಮ್ಮೆಲೇ ನುಗ್ಗಿದ ಅಪಾರ ನೀರು ಅಂತ 1923ರಲ್ಲಿ ಬರೆದರು. ಮೊದಲು ಅವರು ಸಿಯಾಟಲ್‌ನಲ್ಲಿ ಹೈಸ್ಕೂಲ್ ಮೇಷ್ಟ್ರಾಗಿದ್ದವರು. ಭೂವಿಜ್ಞಾನಿಗಳು ಅವರ ಮಾತು ಒಪ್ಪಲಿಲ್ಲ. 1927ರ ಒಂದು ಸಭೆಯಲ್ಲಿ ಒಬ್ಬರಾದ ಮೇಲೆ ಒಬ್ಬರು ಎದ್ದು ವಿರೋಧಿಸಿದರು. ಅಷ್ಟು ನೀರು ಎಲ್ಲಿಂದ ಬಂತು ಅನ್ನುವ ಪ್ರಶ್ನೆಗೆ ಬ್ರೆಟ್ಜ್ ಹತ್ತಿರ ಆಗ ಸರಿಯಾದ ಉತ್ತರ ಇರಲಿಲ್ಲ ನಿಜ. ಆದರೆ ವಿರೋಧಕ್ಕೆ ಇನ್ನೊಂದು ಕಾರಣವೂ ಇತ್ತು. ನೆಲ ಬದಲಾಗುವುದು ನಿಧಾನವಾಗಿ, ದಿನದಿನದ ಮಳೆ ಗಾಳಿಯಿಂದ ಅಂತ ಸಾಧಿಸಲು ಆ ವಿದ್ಯೆ ನೂರು ವರ್ಷ ಹೆಣಗಿತ್ತು. ಮಹಾನೆರೆ ಅಂದ ಕೂಡಲೇ ಅವರಿಗೆ ಬೈಬಲ್ಲಿನ ನೋವನ ಜಲಪ್ರಳಯ ನೆನಪಾಗುತ್ತಿತ್ತು.

ಬ್ರೆಟ್ಜ್ ಹೇಳಿದ್ದೇ ಸರಿಯಾಗಿತ್ತು. ಹಿಮಯುಗದ ಕೊನೆಯಲ್ಲಿ ಹಿಮದ ಗೋಡೆಯೊಂದು ನದಿಗೆ ಅಡ್ಡ ನಿಂತು ಮಿಸೌಲಾ ಎಂಬ ಭಾರೀ ಸರೋವರ ಕಟ್ಟಿಕೊಂಡಿತ್ತು. ಆ ಗೋಡೆ ಒಡೆದಾಗಲೆಲ್ಲ ಸರೋವರ ಕೆಲವೇ ದಿನಗಳಲ್ಲಿ ಖಾಲಿಯಾಗುತ್ತಿತ್ತು. ಹೀಗೆ ಹತ್ತಾರು ಸಲ ಆಯಿತು. ನೀರಿನ ಮೂಲವನ್ನು ತೋರಿಸಿಕೊಟ್ಟವರು ಪಾರ್ಡಿ ಎಂಬ ಇನ್ನೊಬ್ಬ ಭೂವಿಜ್ಞಾನಿ. 1979ರಲ್ಲಿ ಬ್ರೆಟ್ಜ್‌ಗೆ ಭೂವಿಜ್ಞಾನದ ದೊಡ್ಡ ಗೌರವವಾದ ಪೆನ್‌ರೋಸ್ ಪದಕ ಕೊಟ್ಟರು. ಆಗ ಅವರಿಗೆ 96 ವರ್ಷ.

ಹಾಗಾಗಿ 'ಪ್ರಳಯ' ಪದ ಪುರಾಣದಲ್ಲೇ ಇರಲಿ ಅನ್ನುವುದು ನನ್ನ ಅಭಿಪ್ರಾಯ. ಹಾಗಾದರೆ ಬದಲಿ ಯಾವುದು? ಸರ್ಕಾರಿ ಕಾಗದದಲ್ಲಿ 'ಪ್ರಕೃತಿ ವಿಕೋಪ' ಅಂತ ಬರುತ್ತದೆ. ಅದರಲ್ಲಿ ಪ್ರಕೃತಿಗೆ ಸಿಟ್ಟು ಬಂದಿದೆ. 'ಉತ್ಪಾತ'ದಲ್ಲಿ ಮುಂದಿನ ಕೇಡಿನ ಶಕುನದ ಅರ್ಥ ಸೇರಿದೆ. 'ಹಾವಳಿ' ಒಳ್ಳೆಯ ಪದ, ಆದರೆ ನಮ್ಮ ಆಲೂರು, ಸಕಲೇಶಪುರದ ಕಡೆ ಹಾವಳಿ ಅಂದರೆ ಈಗ ಆನೆ ಹಾವಳಿ, ಬೇರೆ ಏನೂ ತಲೆಗೆ ಬರುವುದಿಲ್ಲ. ನನಗೆ ಹಿಡಿಸಿದ್ದು 'ಅನಾಹುತ'. ಸಂಸ್ಕೃತದ ಅನಾಹೂತದಿಂದ ಬಂದದ್ದು, ಕರೆಯದೆ ಬಂದದ್ದು ಅಂತ ಅರ್ಥ. ಅದರಲ್ಲಿ ಸಿಟ್ಟಿಲ್ಲ, ಶಕುನವಿಲ್ಲ. ಹಳ್ಳಿಯಲ್ಲೂ ಎಲ್ಲರ ಬಾಯಲ್ಲಿದೆ. 'ನೆಲ ಬದಲಿಸಿದ ಅನಾಹುತಗಳು' ಅಂತ ತಲೆಬರಹ ಕೊಟ್ಟರೆ ಹೇಗೆ?

ಇನ್ನು ಗುಡ್ಡದ ವಿಷಯ. ಇದರಲ್ಲಿ ಕನ್ನಡ ಬಹಳ ಶ್ರೀಮಂತ, ನಾವು ಅದನ್ನು ಬಳಸುತ್ತಿಲ್ಲ. ಪತ್ರಿಕೆಯಲ್ಲಿ ಎಲ್ಲವೂ 'ಭೂಕುಸಿತ'. ಶಿರಾಡಿ ಘಾಟಿಯಲ್ಲಿ ರಸ್ತೆಗೆ ಮಣ್ಣು ಬಿದ್ದರೂ ಭೂಕುಸಿತ, ಬಂಡೆ ಉರುಳಿದರೂ ಭೂಕುಸಿತ, ಗುಡ್ಡವೇ ಕೆಸರಾಗಿ ಹರಿದರೂ ಭೂಕುಸಿತ. ಮಕ್ಕಳನ್ನು ಕೇಳಿದರೆ ಬೇರೆ ಬೇರೆ ಕ್ರಿಯಾಪದ ಬರುತ್ತದೆ. ಕೆರೆಯ ದಡ ಸ್ವಲ್ಪ ಸ್ವಲ್ಪ ಉದುರಿದರೆ 'ಜರಿಯಿತು'. ನಿಂತದ್ದು ಅಲ್ಲೇ ಕೆಳಗಿಳಿದರೆ 'ಕುಸಿಯಿತು'. ಗಿಡಮರದ ಸಮೇತ ಇಡೀ ಇಳಿಜಾರು ಸರಿದರೆ 'ಗುಡ್ಡ ಜಾರಿತು'. ಬಂಡೆಯಾದರೆ 'ಉರುಳಿತು'. ಭೂವಿಜ್ಞಾನದಲ್ಲೂ ಬೀಳುವುದು, ಜಾರುವುದು, ಹರಿಯುವುದು ಅಂತ ಹೀಗೇ ವಿಂಗಡಿಸುತ್ತಾರೆ. ಒಂದೊಂದಕ್ಕೂ ಕಾರಣ ಬೇರೆ, ಮುಂಜಾಗ್ರತೆಯೂ ಬೇರೆ. ನಮ್ಮ ಜನ ಕಣ್ಣಲ್ಲಿ ನೋಡಿ ಮಾಡಿಕೊಂಡ ವಿಂಗಡಣೆಯನ್ನು ಒಂದೇ ಪದದೊಳಗೆ ತುರುಕಿದ್ದು ನನಗೆ ಬೇಸರದ ಸಂಗತಿ.

2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲೂಕಿನ ಗುಡ್ಡಗಳು ಜಾರಿ, ಮನೆ ತೋಟಗಳು ಹೋಗಿ, ಚಾರ್ಮಾಡಿ ಘಾಟಿ ಬಂದ್ ಆದಾಗ 'ಜಲಸ್ಫೋಟ' ಅನ್ನುವ ಪದ ಜಾಸ್ತಿ ಓಡಾಡಿತು. ಗುಡ್ಡದ ಒಳಗಿಂದ ನೀರು ಚಿಮ್ಮಿದಂತೆ ಕಂಡದ್ದಕ್ಕೆ ಆ ಹೆಸರು. ಒಳಗೆ ನಡೆಯುವುದು ಇಷ್ಟು. ದಿನಗಟ್ಟಲೆ ಮಳೆ ಹೊಯ್ದು ಮಣ್ಣಿನ ಸಂದುಗಳಲ್ಲೆಲ್ಲ ನೀರು ತುಂಬುತ್ತದೆ. ಅದರ ಒತ್ತಡಕ್ಕೆ ಮಣ್ಣಿನ ಕಣಗಳ ಹಿಡಿತ ಸಡಿಲವಾಗುತ್ತದೆ. ಕೆಳಗೆ ಗಟ್ಟಿ ಬಂಡೆ ಇದ್ದಲ್ಲಿ ಮೇಲಿನ ಮಣ್ಣು ಜಾರುತ್ತದೆ. ಇಳಿಜಾರಿನ ಬುಡವನ್ನು ಮೊದಲೇ ಕಡಿದಿದ್ದರೆ ಇನ್ನೂ ಬೇಗ. ಸ್ಫೋಟ ಅಂದಾಗ ಮಕ್ಕಳು ಬಾಂಬ್ ಅಂದುಕೊಳ್ಳುತ್ತಾರೆ. 'ನೀರು ಒಡೆಯಿತು' ಅಂತ ಬರೆದರೆ ಸಾಕಲ್ವಾ?

ಇದರ ಜೊತೆಗೇ 'ದರೆ'. ಮನೆಯ ಹಿಂದೆ, ರಸ್ತೆಯ ಪಕ್ಕ ಕಡಿದು ನಿಲ್ಲಿಸಿದ ಮಣ್ಣಿನ ಗೋಡೆಗೆ ಮಲೆನಾಡಿನಲ್ಲಿ ಹೀಗನ್ನುತ್ತೇವೆ. ಕೊಡಗಿನಲ್ಲಿ ಅದು 'ಬರೆ'. ಪತ್ರಿಕೆಯವರು 'ಧರೆ ಕುಸಿತ' ಅಂತ ಮಹಾಪ್ರಾಣ ಹಾಕಿ ಬರೆಯುತ್ತಾರೆ. ಧರೆ ಅಂದರೆ ಭೂಮಿ, ಇಡೀ ಪೃಥ್ವಿ. ಮನೆ ಹಿಂದಿನ ಮಣ್ಣುಗೋಡೆಗೆ ಆ ಅರ್ಥ ಕೂರುವುದಿಲ್ಲ ಅಂತ ನನಗನಿಸುತ್ತದೆ. ಮರಾಠಿಯಲ್ಲಿ ಗುಡ್ಡ ಕುಸಿದಾಗ 'ದರಡ ಕೋಸಳಲೀ' ಅನ್ನುತ್ತಾರೆ. ಅಲ್ಲಿ ದರಡ ಅಂದರೆ ಕಡಿದಾದ ಅಂಚು. ಈ ದರಡಕ್ಕೂ ನಮ್ಮ ದರೆಗೂ ನಂಟಿದೆಯಾ? ನಿಘಂಟು ಬಲ್ಲವರು ದಯವಿಟ್ಟು ಹೇಳಿ. ಗೋಡೆಪತ್ರಿಕೆಯಲ್ಲಿ 'ದರೆ' ಅಂತಲೇ ಬರೆಯಬೇಕು ಅನ್ನುವುದು ನನ್ನ ಆಸೆ.

ಈ ಪದ ಬೇಕಾದದ್ದು ದೂರದ ಒಂದು ಘಟನೆಗೆ. ಸುಮಾರು 8,150 ವರ್ಷಗಳ ಹಿಂದೆ ನಾರ್ವೆಯ ಪಕ್ಕದ ಕಡಲಿನಲ್ಲಿ, ನೀರಿನ ಅಡಿಯ ಇಳಿಜಾರು ಜಾರಿತು. ಜಾರಿದ ಮಣ್ಣು ಕಲ್ಲಿನ ಗಾತ್ರ ಸುಮಾರು 3,000 ಘನ ಕಿಲೋಮೀಟರ್. ಆ ಜಾಗದ ಹೆಸರು ಸ್ಟೋರೆಗ್ಗಾ. ನಾರ್ವೆ ಭಾಷೆಯಲ್ಲಿ ಅದರ ಅರ್ಥ ದೊಡ್ಡ ಅಂಚು. ನೋಡಿ, ನಮ್ಮ ದರೆಯ ಹತ್ತಿರವೇ ಬಂತು! ಅದರಿಂದ ಎದ್ದ ಸುನಾಮಿ ಸ್ಕಾಟ್ಲೆಂಡಿನ ಶೆಟ್‌ಲ್ಯಾಂಡ್ ದ್ವೀಪಗಳಲ್ಲಿ 20 ಮೀಟರಿಗೂ ಎತ್ತರಕ್ಕೆ ಏರಿತು.

ಆ ಕಾಲಕ್ಕೆ ಬ್ರಿಟನ್ನಿಗೂ ಯುರೋಪಿಗೂ ನಡುವೆ ಇದ್ದ ನೆಲ ಬಹುಪಾಲು ನೀರಿಗೆ ಹೋಗಿತ್ತು. ಹಿಮಯುಗದಲ್ಲಿ ಕಡಲಿನ ಮಟ್ಟ ಈಗಿನದಕ್ಕಿಂತ 120 ಮೀಟರಿನಷ್ಟು ಕೆಳಗಿತ್ತು. ಆಗ ಈಗಿನ ಉತ್ತರ ಸಮುದ್ರದ ದಕ್ಷಿಣ ಭಾಗವೆಲ್ಲ ನದಿ, ಜೌಗು, ಕಾಡು ಇದ್ದ ಬಯಲು. ಜನ ಅಲ್ಲಿ ಬೇಟೆಯಾಡಿ, ಮೀನು ಹಿಡಿದು ಬದುಕಿದ್ದರು. 1931ರಲ್ಲಿ ಕೊಲಿಂಡಾ ಎಂಬ ಮೀನು ದೋಣಿಯ ಬಲೆಯಲ್ಲಿ ಒಂದು ಹೆಂಟೆ ಸಿಕ್ಕಿತು. ಒಡೆದರೆ ಒಳಗೆ ಜಿಂಕೆ ಕೊಂಬಿನಲ್ಲಿ ಮಾಡಿದ, ಮುಳ್ಳುಮುಳ್ಳಾದ ಈಟಿಯ ಮೊನೆ. ಹಿಮ ಕರಗಿದಂತೆ ಕಡಲು ತಲೆಮಾರಿನಿಂದ ತಲೆಮಾರಿಗೆ ಏರುತ್ತಾ ಬಂತು. ಸ್ಟೋರೆಗ್ಗಾದ ಅಲೆ ಉಳಿದ ತಗ್ಗು ನೆಲದ ಮೇಲೆ ಹಾಯಿತು. ಈಗ ಆ ನೆಲವನ್ನು ಡಾಗರ್‌ಲ್ಯಾಂಡ್ ಅನ್ನುತ್ತಾರೆ.

ಇದಕ್ಕೆ ಮಕ್ಕಳು ತಾವಾಗಿಯೇ ಇಟ್ಟ ತಲೆಬರಹ 'ಮುಳುಗಡೆ ಆದ ದೇಶ'. ನಾನು ಬಹಳ ಹೊತ್ತು ಯೋಚಿಸಿದ್ದು ಇದರ ಬಗ್ಗೆಯೇ. ನಮ್ಮ ಜಿಲ್ಲೆಯಲ್ಲಿ ಮುಳುಗಡೆ ಅಂದರೆ ಹೇಮಾವತಿ. ಗೊರೂರಿನ ಅಣೆಕಟ್ಟು 1979ರಲ್ಲಿ ಮುಗಿಯಿತು. ಹಳ್ಳಿಗಳು ನೀರಿನ ಅಡಿಗೆ ಹೋದವು. ಬೇಸಿಗೆಯಲ್ಲಿ ಮೇಲೆದ್ದು ಮಳೆಗಾಲದಲ್ಲಿ ಅರ್ಧ ಮುಳುಗುವ ಶೆಟ್ಟಿಹಳ್ಳಿಯ ಚರ್ಚನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಆದರೆ ಮುಳುಗಡೆಯವರ ಮನೆಗಳಲ್ಲಿ ಆ ಪದದ ಜೊತೆ ನೋಟೀಸು, ಪರಿಹಾರ, ಬದಲಿ ಜಮೀನು, ಸಾಗುವಳಿ ಚೀಟಿ ಎಲ್ಲ ಅಂಟಿಕೊಂಡು ಬರುತ್ತವೆ. ಅಲ್ಲಿ ಮುಳುಗಿಸಿದವರು ಇದ್ದಾರೆ, ಅರ್ಜಿ ಕೊಡಲು ಒಂದು ಕಚೇರಿಯಿದೆ. ಕಡಲು ತಾನಾಗಿ ಏರಿದಾಗ ಯಾರನ್ನು ಕೇಳುವುದು? ಈ ದೃಷ್ಟಿಯಿಂದ 'ಕಡಲು ನುಂಗಿದ ನೆಲ' ಅನ್ನುವುದೇ ಸರಿ ಅಂತ ನನ್ನ ಸಹೋದ್ಯೋಗಿ ಒಬ್ಬರು ವಾದಿಸುತ್ತಾರೆ. ಕರಾವಳಿಯವರ 'ಕಡಲ್ಕೊರೆತ' ಇದೆ, ಆದರೆ ಅದು ದಂಡೆ ತಿನ್ನುವುದಕ್ಕೆ ಮಾತ್ರ.

ನನ್ನ ಮನಸ್ಸು ಮಕ್ಕಳ ಕಡೆಗೇ ಇದೆ. ಅಜ್ಜ ಅಜ್ಜಿ ಮುಳುಗಡೆಯಿಂದ ಎದ್ದು ಬಂದವರು ಅನ್ನುವ ಮಗುವಿಗೆ ಡಾಗರ್‌ಲ್ಯಾಂಡಿನ ಜನ ಏನು ಕಳೆದುಕೊಂಡರು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಒಲೆ ಹೂಡಿದ ಜಾಗ, ಹಿರಿಯರನ್ನು ಮಣ್ಣು ಮಾಡಿದ ಜಾಗ ನೀರೊಳಗೆ ಹೋಯಿತು ಅಂತ ಆ ಒಂದೇ ಪದದಲ್ಲಿ ಗೊತ್ತಾಗುತ್ತದೆ. ಶರಾವತಿ, ಭದ್ರಾ ಮುಳುಗಡೆ ಪ್ರದೇಶದವರು ಇದನ್ನು ಓದುತ್ತಿದ್ದರೆ ಅವರ ಅಭಿಪ್ರಾಯ ನನಗೆ ಮುಖ್ಯ. ಅಣೆಕಟ್ಟು ಇಲ್ಲದ ಕಡೆ ಈ ಪದ ಬಳಸಿದರೆ ನಿಮಗೆ ಹೇಗನಿಸುತ್ತದೆ?

'ಬೂದಿ' ಇನ್ನೊಂದು ತೊಡಕು. ಸುಮಾರು 74,000 ವರ್ಷಗಳ ಹಿಂದೆ ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ಟೋಬಾ ಜ್ವಾಲಾಮುಖಿ ಸಿಡಿಯಿತು. ಈಗ ಅಲ್ಲಿ 100 ಕಿಲೋಮೀಟರ್ ಉದ್ದದ ಸರೋವರವಿದೆ. ಅಲ್ಲಿಂದ ಹಾರಿ ಬಂದ ಧೂಳು ಭಾರತದ ಮೇಲೂ ಬಿತ್ತು. ಆಂಧ್ರದ ಕರ್ನೂಲು ಸೀಮೆಯ ಜ್ವಾಲಾಪುರಂನಲ್ಲಿ ಅದರ ದಪ್ಪ ಪದರ ಸಿಕ್ಕಿದೆ. ಆ ಪದರದ ಕೆಳಗೂ ಕಲ್ಲಿನ ಆಯುಧಗಳಿವೆ, ಮೇಲೂ ಇವೆ. ಎರಡೂ ಒಂದೇ ಬಗೆಯವು ಅಂತ ಪುರಾತತ್ವ ಶಾಸ್ತ್ರಜ್ಞ ಮೈಕೆಲ್ ಪೆಟ್ರಾಗ್ಲಿಯಾ ಮತ್ತು ಜೊತೆಗಾರರು 2007ರಲ್ಲಿ ಬರೆದರು. ಅಂದರೆ ಅಷ್ಟು ದೊಡ್ಡ ಅನಾಹುತದ ಆಚೆಗೂ ಜನ ಬದುಕಿ ಉಳಿದಿರಬೇಕು. ನನ್ನ ಮಟ್ಟಿಗೆ ಇಡೀ ಗೋಡೆಪತ್ರಿಕೆಯಲ್ಲಿ ಅತಿ ದೊಡ್ಡ ಸುದ್ದಿ ಇದು.

ಆದರೆ 'ಜ್ವಾಲಾಮುಖಿಯ ಬೂದಿ' ಅಂದಾಗ ಮಕ್ಕಳು ಕೇಳಿದ್ದು, "ಅಲ್ಲಿ ಏನು ಸುಟ್ಟಿತ್ತು ಸಾರ್?" ನ್ಯಾಯವಾದ ಪ್ರಶ್ನೆ. ಏನೂ ಸುಟ್ಟಿರಲಿಲ್ಲ. ಅದು ಕರಗಿದ ಕಲ್ಲು ಸಿಡಿದು, ತಣಿದು ಆದ ಗಾಜಿನಂಥ ಪುಡಿ. ನಮ್ಮಲ್ಲಿ ಗೊಂದಲಕ್ಕೆ ಇನ್ನೊಂದು ಕಾರಣ ಇದೆ. ಬಳ್ಳಾರಿ, ರಾಯಚೂರು ಕಡೆ ನಿಜವಾದ ಬೂದಿಯ ದಿಬ್ಬಗಳಿವೆ. ಕುಡತಿನಿಯದು ಹೆಸರುವಾಸಿ. ಅವು ನವಶಿಲಾಯುಗದ ದನಗಾಹಿಗಳು ಸಗಣಿ ರಾಶಿ ಸುಟ್ಟು ಆದವು. ಎರಡೂ ಬೂದಿಯಾದರೆ ಮಕ್ಕಳು ಬೇರೆ ಮಾಡುವುದು ಹೇಗೆ? 'ಸಿಡಿಪುಡಿ' ಅಂತ ಒಬ್ಬ ಹುಡುಗ ಹೇಳಿದ. ನನಗೆ ಬಹಳ ಇಷ್ಟವಾಯಿತು. ನಿಮಗೆ?

ಬರದ ಬಗ್ಗೆ ಚಿಕ್ಕದಾಗಿ. ನಮ್ಮ ಹಿರಿಯರು ಬರಕ್ಕೆ ಸಂವತ್ಸರದ ಹೆಸರಿಡುತ್ತಿದ್ದರು. 1876-78ರದ್ದು ಧಾತು ಈಶ್ವರ ಬರ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ 50 ಲಕ್ಷಕ್ಕೂ ಹೆಚ್ಚು ಜನ ಇದ್ದರು. 1881ಕ್ಕೆ ಸುಮಾರು 42 ಲಕ್ಷ. ಹೆಸರಿನಲ್ಲಿ ಒಂದು ಎಚ್ಚರ ಬೇಕು. ಸಂವತ್ಸರ 60 ವರ್ಷಕ್ಕೆ ತಿರುಗಿ ಬರುತ್ತದೆ. ಅದರ ಹಿಂದಿನ ಧಾತು 1816-17. 1815ರಲ್ಲಿ ತಂಬೋರಾ ಜ್ವಾಲಾಮುಖಿ ಸಿಡಿದು, ಮರುವರ್ಷ ಯುರೋಪಿಗೆ ಬೇಸಿಗೆಯೇ ಬರಲಿಲ್ಲ ಅನ್ನುವ ಅದೇ ವರ್ಷ. ಆದ್ದರಿಂದ ಸಂವತ್ಸರದ ಜೊತೆ ಇಸವಿಯನ್ನೂ ಬರೆಯುತ್ತಿದ್ದೇವೆ. ಸುಮಾರು 4,200 ವರ್ಷಗಳ ಹಿಂದೆ ಶುರುವಾದ ದೀರ್ಘ ಒಣಗಾಲಕ್ಕೆ ಮಾತ್ರ ಪದ ಸಿಕ್ಕಿಲ್ಲ. ಮೇಘಾಲಯದ ಮಾಮ್ಲುಹ್ ಗುಹೆಯ ಸುಣ್ಣಕಲ್ಲಿನ ಕಂಬದಲ್ಲಿ ಅದರ ಗುರುತು ಸಿಕ್ಕಿ, 2018ರಲ್ಲಿ ಅಲ್ಲಿಂದೀಚಿನ ಕಾಲಕ್ಕೆ ಮೇಘಾಲಯನ್ ಯುಗ ಅಂತ ಹೆಸರಾಯಿತು. ತಲೆಮಾರುಗಟ್ಟಲೆ ನಡೆದದ್ದನ್ನು 'ಬರಗಾಲ' ಅಂದರೆ ಒಂದೆರಡು ಬೆಳೆ ಹೋದಂತೆ ಕೇಳುತ್ತದೆ. ಕಡೂರು, ಅರಸೀಕೆರೆ ಕಡೆಯವರು ಬರ ಕಂಡವರು. ವರ್ಷಗಟ್ಟಲೆ ಬಿಡದ ಬರಕ್ಕೆ ನಿಮ್ಮಲ್ಲಿ ಬೇರೆ ಮಾತು ಇದೆಯಾ?

ಗೋಡೆಪತ್ರಿಕೆಯ ಕರಡು ಇನ್ನೂ ಪೆನ್ಸಿಲ್ಲಿನಲ್ಲೇ ಇದೆ, ಬದಲಿಸಬಹುದು. ಉತ್ತರ ಬರೆಯುವಾಗ ಆ ಪದ ಯಾವ ತಾಲೂಕಿನದು, ಮನೆಯಲ್ಲಿ ಯಾರ ಬಾಯಲ್ಲಿ ಕೇಳಿದ್ದು ಅಂತ ಸೇರಿಸಿ. ಮಕ್ಕಳು ಪದದ ಪಕ್ಕದಲ್ಲಿ ಊರಿನ ಹೆಸರನ್ನೂ ಬರೆಯುತ್ತಾರೆ.

ಆಲೂರಿನಿಂದ,
ಒಬ್ಬ ಮೇಷ್ಟ್ರು